ಮುಖ ಬದಲಾದರೂ ಅವನೇ ಇವನು ಅಂತ ಹೇಗೆ ನಂಬ್ತೀರಿ?

ನನಗೆ 'ಡಾಕ್ಟರ್ ಹೂ' ಹುಚ್ಚು ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಒಂದೇ ಕಂತು ನೋಡಿದವರೂ ಕೇಳುತ್ತಾರೆ, ನೂರು ಕಂತು ನೋಡಿದವರೂ ಕೇಳುತ್ತಾರೆ. "ಮೂರ್ನಾಲ್ಕು ವರ್ಷಕ್ಕೊಮ್ಮೆ ನಟ ಬದಲಾಗ್ತಾನೆ. ಮುಖ ಬೇರೆ, ದನಿ ಬೇರೆ, ಬಟ್ಟೆ ಬೇರೆ, ಸ್ವಭಾವವೂ ಬೇರೆ. ಆದ್ರೂ ಅವನೇ ಇವನು ಅಂತೀರಲ್ಲ, ಅದು ಹೇಗೆ?"

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಬ್ರಿಟನ್ನಿನ ಬಿಬಿಸಿಯ ಧಾರಾವಾಹಿ. ಶುರುವಾಗಿದ್ದು 1963ರ ನವೆಂಬರ್ 23ರಂದು. ಅದರ ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿಯ ಕೊಲೆಯಾಗಿತ್ತು. ಹಾಗಾಗಿ ಮುಂದಿನ ವಾರ ಮೊದಲ ಕಂತನ್ನೇ ಇನ್ನೊಮ್ಮೆ ಹಾಕಿ, ಅದರ ಬೆನ್ನಿಗೆ ಎರಡನೆಯದನ್ನು ತೋರಿಸಿದರು. ಡಾಕ್ಟರ್ ಅನ್ನುವವನು ನೋಡಲಿಕ್ಕೆ ಮನುಷ್ಯನ ಹಾಗೇ ಇದ್ದರೂ ಮನುಷ್ಯನಲ್ಲ. ಅವನಿಗೆ ಎರಡು ಹೃದಯ. ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲದ ಆಚೆ ಈಚೆ ಓಡಾಡುತ್ತಾನೆ. ಹೊರಗಿಂದ ಅದು ಲಂಡನ್ನಿನ ಹಳೇ ನೀಲಿ ಪೊಲೀಸ್ ಪೆಟ್ಟಿಗೆ, ಅಂದರೆ ಪೊಲೀಸರಿಗೆ ಫೋನ್ ಮಾಡಲು ಬೀದಿಯಲ್ಲಿ ಇಡುತ್ತಿದ್ದ ಗೂಡು. ಒಳಗೆ ಹೋದರೆ ಮುಗಿಯದಷ್ಟು ಜಾಗ. ಸಾಯುವ ಹಂತಕ್ಕೆ ಬಂದಾಗ ಅವನ ಇಡೀ ಮೈ ಬದಲಾಗಿ ಹೊಸ ಆಳಾಗಿ ಏಳುತ್ತಾನೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ.

ಮೊದಲೆಲ್ಲ ನಾನು ಕೊಡುತ್ತಿದ್ದ ಉತ್ತರ ಸುಲಭದ್ದು. "ನೆನಪು ಅದೇ ಇರುತ್ತಲ್ಲ, ಅಷ್ಟು ಸಾಕು." ಆಮೇಲೆ ಯೋಚಿಸಿದರೆ ಅದು ಉತ್ತರವೇ ಅಲ್ಲ. ನೆನಪು ಇರುವುದು ಅವನ ತಲೆಯೊಳಗೆ. ಅದು ನಿಜವೋ ಸುಳ್ಳೋ ಎದುರಿಗೆ ನಿಂತವರಿಗೆ ಹೇಗೆ ತಿಳಿಯಬೇಕು? "ನಂಗೆಲ್ಲ ನೆನಪಿದೆ" ಅಂತ ಯಾವ ಮೋಸಗಾರ ಬೇಕಾದರೂ ಹೇಳಬಹುದು, ಅಲ್ವಾ?

ಸರಿಯಾದ ಉತ್ತರ ಹೊಳೆದಿದ್ದು ಅಕ್ಕನ ಮಗಳಿಂದ. ಅವಳಿಗೆ ಆಗ ಎಂಟು ವರ್ಷ. ಮೊದಲ ಸಲ ಡಾಕ್ಟರ್ ಬದಲಾಗುವ ದೃಶ್ಯ ತೋರಿಸಿದ್ದೆ. ಅದಕ್ಕೂ ಒಂದು ಕಥೆಯಿದೆ. ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೆಟ್ಟಿತ್ತು, ಕೆಲಸ ನಡೆಸುವುದು ಕಷ್ಟವಾಗುತ್ತಿತ್ತು. ಧಾರಾವಾಹಿ ಚೆನ್ನಾಗಿ ಓಡುತ್ತಿತ್ತು, ನಿಲ್ಲಿಸಲು ಯಾರಿಗೂ ಮನಸ್ಸಿಲ್ಲ. ಸುಮ್ನೆ ಬೇರೆ ನಟನನ್ನು ತಂದು, ಏನೂ ಆಗಿಲ್ಲ ಅನ್ನುವಂತೆ ನಡೆಸಿಬಿಡಬಹುದಿತ್ತು. ಧಾರಾವಾಹಿಗಳಲ್ಲಿ ಅದು ಹೊಸದೇನಲ್ಲ. ಇವರು ಹಾಗೆ ಮಾಡಲಿಲ್ಲ. ಬದಲಾವಣೆಯನ್ನೇ ಕಥೆಯೊಳಗೆ ತಂದರು. 1966ರ ಅಕ್ಟೋಬರ್ 29ರಂದು ಮುದುಕ ಡಾಕ್ಟರ್ ಟಾರ್ಡಿಸ್‌ನ ನೆಲದ ಮೇಲೆ ಬಿದ್ದ. ಬೆಳಕು ಉಕ್ಕಿ ಮುಖ ಬೆಳ್ಳಗಾಯಿತು. ಬೆಳಕು ಇಳಿದಾಗ ಅಲ್ಲಿ ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೆ ನಟ ಮಲಗಿದ್ದ.

ಆ ಕಂತು ಈಗ ಬಿಬಿಸಿಯ ಬಳಿಯೂ ಇಲ್ಲ. 1973ರಲ್ಲಿ ಒಂದು ಮಕ್ಕಳ ಕಾರ್ಯಕ್ರಮದಲ್ಲಿ ಆ ಕೊನೆಯ ತುಣುಕನ್ನು ಹಾಕಿದ್ದರು, ಅದರಿಂದ ಅಷ್ಟು ಮಾತ್ರ ಉಳಿಯಿತು. ಅದರ ಮುಂದಿನ ಕಥೆಯದ್ದು ಇನ್ನೂ ಕೆಟ್ಟ ಗತಿ. ಆರು ಕಂತುಗಳ ಚಿತ್ರವೂ ಹೋಗಿದೆ. ಅಭಿಮಾನಿಗಳು ಮನೆಯಲ್ಲಿ ಟೀವಿಯಿಂದ ಟೇಪ್ ಮಾಡಿಕೊಂಡ ಧ್ವನಿ ಉಳಿದಿತ್ತು. 2016ರಲ್ಲಿ ಆ ಧ್ವನಿಗೆ ಕಾರ್ಟೂನ್ ಚಿತ್ರ ಹೊಂದಿಸಿ ಬಿಡುಗಡೆ ಮಾಡಿದರು. ನಾವಿಬ್ಬರೂ ನೋಡಿದ್ದು ಅದನ್ನೇ.

ಹುಡುಗಿ ಮುನಿಸಿಕೊಂಡು ಕೂತಳು. "ಆ ಅಜ್ಜ ಎಲ್ಲಿ ಹೋದ?" ಇವನೇ ಆ ಅಜ್ಜ ಅಂದೆ. ಒಪ್ಪಲಿಲ್ಲ. ನಾನು ಎರಡು ಹೃದಯ, ಹೊಸ ಮೈ ಅಂತೆಲ್ಲ ವಿವರಿಸಲು ಹೋದೆ. ಅವಳು ನನ್ನ ಮಾತು ಅರ್ಧಕ್ಕೇ ತಡೆದು, ತೆರೆಯ ಮೇಲಿದ್ದ ಡಾಕ್ಟರ್‌ನ ಜೊತೆಗಾತಿ ಪಾಲಿಯನ್ನು ತೋರಿಸಿ ಕೇಳಿದಳು: "ಚಿಕ್ಕಮ್ಮ, ಆ ಅಕ್ಕ ಒಪ್ಕೊಂಡ್ಲಾ?"

ಅಲ್ಲೇ ಇದೆ ಉತ್ತರ. ಡಾಕ್ಟರ್‌ನ ಮುಖ ನೋಡಬೇಡಿ. ಅವನ ಪಕ್ಕದಲ್ಲಿ ನಿಂತವರ ಮುಖ ನೋಡಿ.

ಆ 1966ರ ಕಥೆಯನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಹೊಸ ಡಾಕ್ಟರ್ ಎದ್ದವನೇ "ನಾನೇ, ನಂಬಿ" ಅಂತ ಗೋಗರೆಯುವುದಿಲ್ಲ. ಬದಲಿಗೆ ಡಾಕ್ಟರ್ ಬಗ್ಗೆ ಮೂರನೆಯವರ ಬಗ್ಗೆ ಆಡುವ ಹಾಗೆ ಮಾತಾಡುತ್ತಾನೆ! ಪೆಟ್ಟಿಗೆ ಕೆದಕುತ್ತಾನೆ, ಪೀಪಿ ಊದುತ್ತಾನೆ, ಕನ್ನಡಿ ನೋಡುತ್ತಾನೆ. ಕನ್ನಡಿಯೊಳಗೆ ಹಳೇ ಮುದುಕನ ಮುಖವೇ ಒಮ್ಮೆ ಕಾಣುತ್ತದೆ. ಜೊತೆಗಿರುವವರು ಇಬ್ಬರು, ಪಾಲಿ ಮತ್ತು ಬೆನ್. ಪಾಲಿ ಬೇಗ ನಂಬುತ್ತಾಳೆ. ಬೆನ್ ಹಡಗಿನ ಕೆಲಸದವನು, ಕಣ್ಣಿಗೆ ಕಂಡಿದ್ದನ್ನು ಮಾತ್ರ ನಂಬುವವನು. ಡಾಕ್ಟರ್ ಯಾವಾಗಲೂ ಹಾಕಿಕೊಳ್ಳುತ್ತಿದ್ದ ಉಂಗುರ ಕೊಟ್ಟು ಪರೀಕ್ಷೆ ಮಾಡುತ್ತಾನೆ. ಉಂಗುರ ಬೆರಳಿಗೆ ಕೂರುವುದಿಲ್ಲ. ಸಿಕ್ಕಿಬಿದ್ದ ಅಂತ ಬೆನ್ ಅಂದುಕೊಂಡರೆ, ಇವನು ಕೊಡುವ ಉತ್ತರ ಹೆಚ್ಚೂಕಮ್ಮಿ ಹೀಗೆ: ರೆಕ್ಕೆ ಬಿಚ್ಚಿದ ಚಿಟ್ಟೆಯನ್ನು ಮತ್ತೆ ಅದರ ಗೂಡಿಗೆ ತುರುಕಿ ನೋಡೋಣ, ಹಿಡಿಸುತ್ತಾ?

ಆಮೇಲೆ ಸಾಕ್ಷಿ ಬರುತ್ತದೆ. ಅದು ಬರುವುದು ಗೆಳೆಯನಿಂದಲ್ಲ, ಶತ್ರುವಿನಿಂದ. ಡಾಲೆಕ್‌ಗಳು ಡಾಕ್ಟರ್‌ನ ಹಳೇ ವೈರಿಗಳು, ಲೋಹದ ಚಿಪ್ಪಿನೊಳಗೆ ಕೂತ ಜೀವಿಗಳು. ಡಾಕ್ಟರ್ ಬಂದಿಳಿದ ಊರಿನವರು ಅದೇನೆಂದು ತಿಳಿಯದೆ ಒಂದನ್ನು ರಿಪೇರಿ ಮಾಡಿ ಎಬ್ಬಿಸಿರುತ್ತಾರೆ. ಅದು ತನ್ನ ಕಣ್ಣಿನ ಕೊಳವೆಯನ್ನು ನಿಧಾನವಾಗಿ ತಿರುಗಿಸಿ ಈ ಹೊಸ ಮುಖದ ಮೇಲೆ ನಿಲ್ಲಿಸುತ್ತದೆ. ಗುರುತು ಹಿಡಿದ ಹಾಗೆ. ಜೊತೆಯಲ್ಲಿ ತಿಂಗಳುಗಟ್ಟಲೆ ಓಡಾಡಿದ ಬೆನ್‌ಗೆ ಸಿಗದ ಗುರುತು ವೈರಿಗೆ ಸಿಕ್ಕಿತು. ನನಗೆ ಇಡೀ ಧಾರಾವಾಹಿಯಲ್ಲಿ ತುಂಬಾ ಇಷ್ಟವಾದ ಜಾಗಗಳಲ್ಲಿ ಇದೊಂದು.

ಕೆಲವರು "ಇದೇನು ಮಹಾ, ನಮ್ಮ ಕಥೆಗಳ ಕಾಮರೂಪಿಗಳ ಹಾಗೇ ತಾನೇ?" ಅನ್ನುತ್ತಾರೆ. ಅಲ್ಲ. ಕಾಮರೂಪಿ ತನಗೆ ಬೇಕಾದ ರೂಪ ತಾಳುತ್ತಾನೆ, ಕೆಲಸ ಮುಗಿದ ಮೇಲೆ ತನ್ನ ರೂಪಕ್ಕೆ ಮರಳುತ್ತಾನೆ. ವೇಷದ ಕೆಳಗೆ ಅಸಲಿ ಮುಖ ಒಂದು ಇದ್ದೇ ಇರುತ್ತದೆ. ಡಾಕ್ಟರ್‌ಗೆ ಆ ಅನುಕೂಲ ಇಲ್ಲ. ಮುಂದಿನ ಮುಖ ಯಾವುದು ಅಂತ ಆರಿಸಿಕೊಳ್ಳುವ ಹಾಗಿಲ್ಲ, ಹಿಂದಿನದಕ್ಕೆ ಹೋಗುವ ಹಾಗಿಲ್ಲ. (ಅವನದೇ ಕುಲದ ರೊಮಾನಾ ಒಮ್ಮೆ ಸೀರೆ ಅಂಗಡಿಯಲ್ಲಿ ಸೀರೆ ನೋಡಿದ ಹಾಗೆ ಒಂದೊಂದೇ ಮೈ ಹಾಕಿ ನೋಡಿ ಒಂದನ್ನು ಆರಿಸಿಕೊಳ್ಳುತ್ತಾಳೆ. ಅದು ತಮಾಷೆಯ ದೃಶ್ಯ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.)

ಇನ್ನೂ ಮಜಾ ಏನು ಗೊತ್ತಾ? ರೂಪ ಬದಲಿಸಬೇಕಾಗಿದ್ದು ಅವನ ಪೆಟ್ಟಿಗೆ. ಎಲ್ಲಿಗೆ ಹೋದರೂ ಅಲ್ಲಿನ ವಸ್ತುವಿನಂತೆ ಕಾಣಬೇಕು, ಯಾರ ಕಣ್ಣಿಗೂ ಬೀಳಬಾರದು ಅಂತಲೇ ಅದನ್ನು ಮಾಡಿದ್ದು. ಅದು ಕೆಟ್ಟು ಪೊಲೀಸ್ ಪೆಟ್ಟಿಗೆಯ ಆಕಾರದಲ್ಲೇ ನಿಂತುಹೋಗಿದೆ. ಬದಲಾಗಬೇಕಾದ ಯಂತ್ರ ಬದಲಾಗುವುದಿಲ್ಲ, ಒಳಗಿರುವ ಆಸಾಮಿ ಬದಲಾಗುತ್ತಲೇ ಇರುತ್ತಾನೆ. ನಿಜವಾದ ಪೊಲೀಸ್ ಪೆಟ್ಟಿಗೆಗಳು ಲಂಡನ್ನಿನ ಬೀದಿಗಳಿಂದ ಎಂದೋ ಮಾಯವಾದವು. ಆ ಆಕಾರದ ಟ್ರೇಡ್‌ಮಾರ್ಕ್ ತಮ್ಮದು ಅಂತ ಲಂಡನ್ ಪೊಲೀಸರು ಬಿಬಿಸಿಯ ಜೊತೆ ಜಗಳಕ್ಕೂ ನಿಂತರು. 2002ರಲ್ಲಿ ಬಿಬಿಸಿಯೇ ಗೆದ್ದಿತು. ಪೊಲೀಸ್ ಪೆಟ್ಟಿಗೆ ಪೊಲೀಸರದ್ದಲ್ಲ, ಕಳ್ಳನದ್ದು ಅಂತಾಯಿತು.

ಕಳ್ಳ ಅಂದೆನಲ್ಲ, ಅದು ಬೈಗುಳವಲ್ಲ. ಡಾಕ್ಟರ್ ಟಾರ್ಡಿಸ್ ಅನ್ನು ಕದ್ದುಕೊಂಡೇ ತನ್ನ ಲೋಕದಿಂದ ಓಡಿಬಂದಿದ್ದು. ಕಾಲದ ಒಡೆಯರು ಅಂತ ಕರೆಸಿಕೊಳ್ಳುವ ಅವನ ಕುಲದವರಿಗೆ ಎಲ್ಲವನ್ನೂ ದೂರದಿಂದ ನೋಡುತ್ತಾ ಕೂರುವುದೇ ಧರ್ಮ. ಇವನಿಗೆ ಅದು ಆಗಲಿಲ್ಲ. 1969ರಲ್ಲಿ ಕೊನೆಗೂ ಸಿಕ್ಕಿಬಿದ್ದು ವಿಚಾರಣೆ ನಡೆಯುತ್ತದೆ. ಯಾಕೆ ಓಡಿಹೋದೆ ಅನ್ನುವುದಕ್ಕೆ ಅವನು ತನ್ನ ಜೊತೆಗಾರರಿಗೆ ಕೊಡುವ ಕಾರಣ ತುಂಬಾ ಚಿಕ್ಕದು: ಬೇಜಾರಾಗಿತ್ತು, ಅಷ್ಟೇ. ಶಿಕ್ಷೆ ಏನು? ಭೂಮಿಗೆ ಗಡೀಪಾರು, ಜೊತೆಗೆ ಮುಖ ಬದಲಾವಣೆ. ನ್ಯಾಯಾಧೀಶರಿಗೂ ಗೊತ್ತಿತ್ತು, ಮುಖ ಕಿತ್ತುಕೊಳ್ಳಬಹುದು, ಕಳ್ಳಬುದ್ಧಿ ಕಿತ್ತುಕೊಳ್ಳಲು ಆಗುವುದಿಲ್ಲ ಅಂತ. ಭೂಮಿಗೆ ಬಂದ ಮೂರನೇ ಡಾಕ್ಟರ್ ಶುರುವಿನಲ್ಲೇ ಮಾಡಲು ನೋಡಿದ್ದು ಏನು? ಪೆಟ್ಟಿಗೆ ಹತ್ತಿ ಓಡಿಹೋಗುವುದು.

ಇದೇ ಕಳ್ಳತನದ ಕಥೆಯನ್ನು 2011ರಲ್ಲಿ ತಿರುವಿಹಾಕಿದರು. ಒಂದು ಕಂತಿನಲ್ಲಿ ಟಾರ್ಡಿಸ್‌ನ ಜೀವ ಒಬ್ಬ ಹೆಂಗಸಿನ ಮೈಯೊಳಗೆ ಬರುತ್ತದೆ. ಮೊದಲ ಸಲ ಇಬ್ಬರೂ ಎದುರುಬದುರು ಮಾತಾಡುತ್ತಾರೆ. ನೀನು ನನ್ನನ್ನು ಕದ್ದೆ ಅಂದುಕೊಂಡಿದ್ದೀಯಾ, ಕದ್ದಿದ್ದು ನಾನು, ನನಗೆ ಊರು ಸುತ್ತಬೇಕಿತ್ತು, ಅದಕ್ಕೆ ಒಬ್ಬ ಕಾಲದ ಒಡೆಯನನ್ನು ಎತ್ತಿಕೊಂಡು ಹೋದೆ ಅನ್ನುತ್ತಾಳೆ. ಎಲ್ಲ ಮುಖಗಳನ್ನೂ ಕಂಡವಳು ಅವಳೊಬ್ಬಳೇ. ಅವಳಿಗೆ ಒಮ್ಮೆಯೂ ಸಂಶಯ ಬಂದಿಲ್ಲ.

ನಡುವಿನ ಕೆಲವು ಬದಲಾವಣೆಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ರೀಜನರೇಷನ್ ಅನ್ನುವ ಪದವೇ 1974ರವರೆಗೆ ಧಾರಾವಾಹಿಯಲ್ಲಿ ಬಂದಿರಲಿಲ್ಲ. ಆ ಸಲ ಬ್ರಿಗೇಡಿಯರ್ ಎಂಬ ಹಳೇ ಮಿಲಿಟರಿ ಗೆಳೆಯ ಪಕ್ಕದಲ್ಲೇ ನಿಂತು ನೋಡುತ್ತಾನೆ, "ಸರಿ, ಮತ್ತೆ ಶುರುವಾಯ್ತು" ಅನ್ನುವ ಧಾಟಿಯಲ್ಲಿ ಗೊಣಗುತ್ತಾನೆ, ಅಷ್ಟೇ. ಹಿಂದಿನ ಸಲ ನಂಬಲು ಒದ್ದಾಡಿದ್ದವನು ಇವನೇ. 1987ರದ್ದಂತೂ ಪಜೀತಿ. ಆರನೇ ಡಾಕ್ಟರ್ ಆಗಿದ್ದ ಕಾಲಿನ್ ಬೇಕರ್‌ರನ್ನು ಕೆಲಸದಿಂದ ತೆಗೆದಿದ್ದರು. ಬದಲಾವಣೆಯ ದೃಶ್ಯಕ್ಕೆ ಬರಲು ಅವರು ಒಪ್ಪಲಿಲ್ಲ. ಕೊನೆಗೆ ಏಳನೆಯವರಾದ ಸಿಲ್ವೆಸ್ಟರ್ ಮೆಕಾಯ್‌ಗೇ ಗುಂಗುರು ಕೂದಲಿನ ವಿಗ್ ಹಾಕಿ ಮಲಗಿಸಿದರು. ಅವನೇ ಇವನು ಅನ್ನುವುದು ಅಕ್ಷರಶಃ ನಿಜವಾಗಿದ್ದು ಅದೊಂದೇ ಸಲ.

2017ರಲ್ಲಿ ಜೋಡಿ ವಿಟೇಕರ್ ಬಂದು ಡಾಕ್ಟರ್ ಹೆಣ್ಣಾದಾಗ ಈ ಪ್ರಶ್ನೆ ಜೋರಾಗಿ ಕೇಳಿಬಂತು. ನನ್ನನ್ನು ಕೇಳಿದರೆ, ಕಷ್ಟದ ಹೊಳೆ ದಾಟಿದ್ದು 1966ರಲ್ಲೇ. ಸಿಡುಕು ಮುದುಕ ಮಾಯವಾಗಿ ಪೀಪಿ ಊದುವ ತುಂಟ ಬಂದಾಗ ನಂಬಿದವರಿಗೆ ಇದು ಯಾವ ಲೆಕ್ಕ?

ನನಗೆ ಒಪ್ಪಿಗೆಯಾಗದ ಜಾಗಗಳೂ ಇವೆ. ಹನ್ನೆರಡು ಸಲ ಮಾತ್ರ ಬದಲಾಗಬಹುದು ಅಂತ 1976ರಲ್ಲಿ ನಿಯಮ ಮಾಡಿದರು. 2013ರಲ್ಲಿ ಆ ಲೆಕ್ಕ ಮುಗಿಯಿತು. ಆಗ ಮೇಲಿಂದ ಹೊಸದೊಂದು ಕಂತೆ ವರವಾಗಿ ಬಂತು. ಹೋಗಲಿ ಬಿಡಿ, ಕಳ್ಳನಿಗೆ ಅದೃಷ್ಟ ಜಾಸ್ತಿ. 2023ರಲ್ಲಿ ಮಾಡಿದ್ದು ಮಾತ್ರ ನನಗೆ ನುಂಗಲಾಗಲಿಲ್ಲ. ಆ ಸಲ ಹಳೇ ಡಾಕ್ಟರ್ ಹೋಗುವುದೇ ಇಲ್ಲ. ಮೈ ಎರಡಾಗಿ ಸೀಳಿ, ಹಳಬನೂ ಹೊಸಬನೂ ಪಕ್ಕಪಕ್ಕ ನಿಲ್ಲುತ್ತಾರೆ. ನೋಡಲು ಖುಷಿಯೇ. ಆದರೆ ಯಾರೂ ಯಾರನ್ನೂ ಕಳೆದುಕೊಳ್ಳಲಿಲ್ಲ. ಯಾರಿಗೂ ಇವನು ಅವನೇನಾ ಅಂತ ಕಣ್ಣು ಕಿರಿದು ಮಾಡಿ ನೋಡುವ ಕಷ್ಟ ಬರಲಿಲ್ಲ. ಆ ಕಷ್ಟವನ್ನು ತೆಗೆದರೆ ಉಳಿಯುವುದು ಬರೀ ಜಾದೂ.

ಆ ಕಷ್ಟ ಹೇಗಿರುತ್ತದೆ ಅಂತ ತಿಳಿಯಬೇಕಾದರೆ 2006ರ ಒಂದು ಕಂತು ನೋಡಿ. ಸಾರಾ ಜೇನ್ ಪತ್ರಕರ್ತೆ. ಮೂರನೇ, ನಾಲ್ಕನೇ ಡಾಕ್ಟರ್ ಜೊತೆ ತಿರುಗಿದವಳು. 1976ರಲ್ಲಿ ಅವಳನ್ನು ಬಿಟ್ಟುಹೋದವನು ಮತ್ತೆ ಬರಲೇ ಇಲ್ಲ. ಮೂವತ್ತು ವರ್ಷದ ಮೇಲೆ ಒಂದು ಶಾಲೆಯಲ್ಲಿ ಹೊಸ ಮೇಷ್ಟ್ರೊಬ್ಬನನ್ನು ಭೇಟಿಯಾಗುತ್ತಾಳೆ. ಮಾತಾಡುತ್ತಾಳೆ, ಗುರುತು ಸಿಗುವುದಿಲ್ಲ. ರಾತ್ರಿ ಕದ್ದು ಒಳಗೆ ಬಂದಾಗ ಸಾಮಾನು ಕೋಣೆಯಲ್ಲಿ ಆ ನೀಲಿ ಪೆಟ್ಟಿಗೆ ಕಾಣುತ್ತದೆ. ಬಾಯಿಂದ ಮಾತಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೊರಗೆ ಬಂದು ತಿರುಗುತ್ತಾಳೆ. ಬೆಳಿಗ್ಗೆ ನೋಡಿದ ಅದೇ ಮೇಷ್ಟ್ರು ನಿಂತಿದ್ದಾನೆ. ಈಗ ಮಾತ್ರ ಅದು ಬೇರೆ ಮುಖ. ನೀವು ಆ ನಟಿಯ ಕಣ್ಣನ್ನೇ ನೋಡುತ್ತಿರಿ. ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಒಬ್ಬ ಅಪರಿಚಿತ ಪರಿಚಿತನಾಗುವುದು ಅಲ್ಲಿ ಕಾಣುತ್ತದೆ.

ಇನ್ನೊಂದು 2014ರದ್ದು. ಕ್ಲಾರಾಗೆ ಹನ್ನೊಂದನೇ ಡಾಕ್ಟರ್ ಅಂದರೆ ಪ್ರಾಣ. ಅವಳ ಕಣ್ಣೆದುರೇ ಅವನು ಹೋಗಿ, ನರೆತ ಕೂದಲಿನ, ಗಂಟು ಹುಬ್ಬಿನ ಸ್ಕಾಟಿಷ್ ಮುದುಕನೊಬ್ಬ ಬಂದಿದ್ದಾನೆ. ಕಂತು ಪೂರ್ತಿ ಅವಳಿಗೆ ಇವನನ್ನು ಒಪ್ಪಲು ಆಗುವುದಿಲ್ಲ. ಕೊನೆಗೆ ಗ್ಲಾಸ್ಗೋದ ಒಂದು ರಸ್ತೆಯಲ್ಲಿ ಅವಳ ಫೋನ್ ರಿಂಗಾಗುತ್ತದೆ. ಮಾತಾಡುತ್ತಿರುವವನು ಹಳೇ ಡಾಕ್ಟರ್. ಬದಲಾಗುವ ಸ್ವಲ್ಪ ಮುಂಚೆ ಮಾಡಿದ ಕರೆ. ಕಾಲದಲ್ಲಿ ಓಡಾಡುವವನಿಗೆ ಅದೇನು ದೊಡ್ಡದಲ್ಲ. ಅವನಿಗೆ ನಿನಗಿಂತ ಜಾಸ್ತಿ ಭಯ ಆಗಿರುತ್ತದೆ, ಅವನ ಕೈ ಬಿಡಬೇಡ ಅಂತ ಕೇಳಿಕೊಳ್ಳುತ್ತಾನೆ.

ಹೊಸಬ ಸ್ವಲ್ಪ ದೂರದಲ್ಲಿ ನಿಂತಿದ್ದಾನೆ. ಅವನು ಕೇಳಿಸಿಕೊಳ್ಳಬೇಕಾಗಿಯೇ ಇಲ್ಲ, ಮಾತಾಡಿದ್ದು ಅವನೇ ತಾನೇ. ಫೋನ್ ಇಟ್ಟ ಮೇಲೆ, ನಾನು ಫೋನಿನಲ್ಲಿಲ್ಲ, ಇಲ್ಲೇ ಎದುರಿಗೆ ನಿಂತಿದ್ದೀನಿ, ದಯವಿಟ್ಟು ನನ್ನನ್ನು ನೋಡು ಅನ್ನುತ್ತಾನೆ. ಕ್ಲಾರಾ ಹತ್ತಿರ ಬಂದು, ಅವನ ಮುಖವನ್ನು ಕಾಗದ ಓದುವ ಹಾಗೆ ನೋಡುತ್ತಾಳೆ. ಆಮೇಲೆ ಈ ಮುದುಕನಿಗೆ ಹೇಳುತ್ತಾಳೆ, ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್ ಅಂತ.