ಬೆಂದ್ರ್ ತೀರ್ಥದ ವಾಸನೆ

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ಮರಳಿ ಐದು ದಿನಗಳಾದವು. ಡೇರೆಯನ್ನು ಒಣಗಿಸಿ ಮಡಚಿಟ್ಟಾಗಿದೆ, ಹೊಗೆ ಹಿಡಿದ ಸ್ವೆಟರುಗಳನ್ನು ಎರಡೆರಡು ಬಾರಿ ಒಗೆದಾಗಿದೆ. ಆದರೆ ಹಲಗೆ ಹಾಸಿದ ಕಾಲುದಾರಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಅಮ್ಮ ತಲೆಯೆತ್ತಿ, "ಎಂತ ಹೇಳ್ತಾಳೆ ಅವಳು?" ಎಂದು ನನ್ನನ್ನು ಕೇಳಿದ ಗಳಿಗೆ ಮಾತ್ರ ಪಾತ್ರೆ ತೊಳೆಯುವಾಗಲೂ ಆಫೀಸಿನ ಮೀಟಿಂಗಿನ ನಡುವೆಯೂ ಬಂದು ಎದುರು ನಿಲ್ಲುತ್ತಿದೆ.

ಸೆಪ್ಟೆಂಬರಿನ ಲೇಬರ್ ಡೇ ರಜೆಗೆಂದು ಹೊರಟಿದ್ದೆವು. ನಾವಿರುವ ಸಾಲ್ಟ್ ಲೇಕ್ ಸಿಟಿಯಿಂದ ಉದ್ಯಾನದ ಪಶ್ಚಿಮ ದ್ವಾರಕ್ಕೆ ಐದು ಗಂಟೆಯ ದಾರಿ. ಮ್ಯಾಡಿಸನ್ ಶಿಬಿರತಾಣದಲ್ಲಿ ಮೂರು ರಾತ್ರಿಗೆ ಜಾಗ ಸಿಕ್ಕಿದ್ದು ನನ್ನ ಗಂಡನ ದೂರಾಲೋಚನೆಯಿಂದ. ಯಾವ ಬುಗ್ಗೆಯ ಬಳಿ ಎಷ್ಟು ನಿಮಿಷ ನಿಲ್ಲಬೇಕೆಂಬುದನ್ನೂ ಅವರು ಎಕ್ಸೆಲ್ ಹಾಳೆಯಲ್ಲಿ ತುಂಬಿಸಿಟ್ಟಿದ್ದರು. ಶೌಚಾಲಯಕ್ಕೆ ಹದಿನೈದು ನಿಮಿಷವೆಂದು ಬರೆದುಕೊಂಡು ಪ್ರವಾಸ ಹೊರಡುವವರ ಮೇಲೆ ನನಗೆ ಅಷ್ಟೇನೂ ಗೌರವವಿಲ್ಲ, ಆದರೆ ಅವರಿಲ್ಲದಿದ್ದರೆ ನಾವು ಮನೆಯ ಗೇಟನ್ನೂ ದಾಟುತ್ತಿರಲಿಲ್ಲ ಎಂಬುದೂ ನಿಜ. ವಾಸನೆ ಬರುವ ಯಾವ ವಸ್ತುವೂ ರಾತ್ರಿ ಡೇರೆಯೊಳಗೆ ಇರಬಾರದು, ಟೂತ್‌ಪೇಸ್ಟ್ ಕೂಡ ಕಾರಿನೊಳಗೋ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯೊಳಗೋ ಹೋಗಬೇಕು ಎಂಬುದು ಅಲ್ಲಿನ ನಿಯಮ. ಹೀಗಾಗಿ ಅಮ್ಮ ಪುತ್ತೂರಿನಿಂದ ತಂದಿದ್ದ ಮಿಡಿ ಉಪ್ಪಿನಕಾಯಿ, ತಲೆಗೆ ಹಚ್ಚುವ ತೆಂಗಿನೆಣ್ಣೆ, ಸೊಂಟನೋವಿನ ತೈಲ ಎಲ್ಲವನ್ನೂ ಮೊಮ್ಮಗಳು ಒಂದೊಂದಾಗಿ ಮೂಸಿ ನೋಡಿ ಪೆಟ್ಟಿಗೆಗೆ ಸೇರಿಸಿದಳು. ಅಮ್ಮ ನಗುತ್ತಾ, "ಕರಡಿಗೂ ಮಿಡಿ ಸೇರ್ತದಾ ಮಾರಾಯ್ತಿ?" ಎಂದರು. ಆಗ ನಾವೆಲ್ಲರೂ ನಕ್ಕಿದ್ದೆವು.

ಮರುದಿನ ಬೆಳಿಗ್ಗೆ ಮೊದಲ ಬಿಸಿನೀರಿನ ತಾಣದಲ್ಲಿ ಕಾರಿನ ಬಾಗಿಲು ತೆರೆದೊಡನೆ ಮಗಳು ಮೂಗು ಮುಚ್ಚಿಕೊಂಡು, ಕೊಳೆತ ಮೊಟ್ಟೆಯ ವಾಸನೆ ಎಂದು ಕೂಗಿದಳು. ಮೊಟ್ಟೆಯನ್ನು ಮುಟ್ಟಿಯೇ ಗೊತ್ತಿಲ್ಲದ ಅಮ್ಮ ಅಲ್ಲಿಯೇ ನಿಂತು, ಸೀರೆಯ ಮೇಲೆ ತೊಟ್ಟಿದ್ದ ಅಳಿಯನ ಜಾಕೆಟ್ಟಿನ ತೋಳುಗಳನ್ನು ಮೇಲೆ ಸರಿಸಿಕೊಂಡು, ಎದೆ ತುಂಬ ಉಸಿರೆಳೆದು, "ಇದು ಬೆಂದ್ರ್ ತೀರ್ಥದ ವಾಸನೆ" ಎಂದರು. ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಗಂಧಕದ ವಾಸನೆಯ ಬೆಚ್ಚಗಿನ ನೀರು ನೆಲದಿಂದ ಏಳುವ ಕೊಳವೊಂದಿದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಏಳೆಂಟು ವರ್ಷದವರಾಗಿದ್ದಾಗ ಮೈತುಂಬ ಕಜ್ಜಿಯೆದ್ದು, ಅಜ್ಜಿಯ ಕೈಹಿಡಿದು ಅಲ್ಲಿ ಮಿಂದು ಬಂದದ್ದನ್ನು ಅಮ್ಮ ದಾರಿಯುದ್ದಕ್ಕೂ ಹೇಳಿದರು. ಜೊತೆಗಿದ್ದವರು ಅವರ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಈಗ ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಅರವತ್ತು ವರ್ಷ ಹಿಂದಿನ ಆ ಸ್ನಾನದ ವಿಷಯವನ್ನು ನನ್ನಲ್ಲಿ ಅಮ್ಮ ಎಂದೂ ಆಡಿರಲಿಲ್ಲ.

ಬಿಸಿನೀರು ಆಗಾಗ ಎತ್ತರಕ್ಕೆ ಚಿಮ್ಮುವ ಓಲ್ಡ್ ಫೇಯ್ತ್‌ಫುಲ್ ಬುಗ್ಗೆಯ ಮುಂದೆ ನೂರಾರು ಜನ ಬೆಂಚುಗಳಲ್ಲಿ ಅರ್ಧಚಂದ್ರಾಕಾರವಾಗಿ ಕುಳಿತಿದ್ದರು. ಮುಂದಿನ ಚಿಮ್ಮುವಿಕೆಯ ಸಮಯವನ್ನು ಹತ್ತು ನಿಮಿಷ ಹಿಂದುಮುಂದಾಗಬಹುದೆಂಬ ಒಕ್ಕಣೆಯೊಂದಿಗೆ ಫಲಕದಲ್ಲಿ ಬರೆದಿರುತ್ತಾರೆ. ಹಿಂದಿನ ಸಲ ಎಷ್ಟು ಹೊತ್ತು ಚಿಮ್ಮಿತು ಎಂಬುದರ ಮೇಲೆ ಈ ಲೆಕ್ಕ ನಿಂತಿದೆ: ಬೇಗ ನಿಂತರೆ ಬೇಗ ಮರಳುತ್ತದೆ, ದೀರ್ಘವಾಗಿ ಚಿಮ್ಮಿದರೆ ಸುಮಾರು ಒಂದೂವರೆ ಗಂಟೆ ಕಾಯಿಸುತ್ತದೆ. ಮಳೆಯಾಗಿ ಹಿಮವಾಗಿ ಬಿದ್ದ ನೀರು ನೆಲದಾಳಕ್ಕೆ ಇಳಿದು, ಕೆಳಗಿನ ಶಿಲಾಪಾಕದ ಶಾಖಕ್ಕೆ ಕಾದು, ಮೇಲಿನ ನೀರಿನ ಭಾರದಿಂದಾಗಿ ಕುದಿಯುವ ಬಿಂದು ದಾಟಿದರೂ ಕುದಿಯದೆ, ಕಿರಿದಾದ ಗಂಟಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮೇಲಿನ ಸ್ವಲ್ಪ ನೀರು ಉಕ್ಕಿ ಹೊರಚೆಲ್ಲಿ ಭಾರ ಇಳಿಯಿತೋ, ಕೆಳಗಿನದು ಒಮ್ಮೆಲೇ ಆವಿಯಾಗಿ ಉಳಿದದ್ದನ್ನೆಲ್ಲ ಮೇಲಕ್ಕೆ ಎಸೆಯುತ್ತದೆ. ನಮ್ಮ ಬಚ್ಚಲ ಗೋಡೆಯ ಡಬ್ಬಿಗೂ ಇದಕ್ಕೂ ಗೀಸರ್ ಎಂಬ ಒಂದೇ ಹೆಸರಾದದ್ದು ಹೇಗೆಂದು ಅಮ್ಮ ಕೇಳಿದರು. ಐಸ್‌ಲ್ಯಾಂಡಿನ ಒಂದು ಬುಗ್ಗೆಯ ಹೆಸರು ಎರಡಕ್ಕೂ ಬಂತು ಎಂದೆ. ರೇಂಜರ್ ಹೇಳುತ್ತಿದ್ದುದನ್ನು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಂದು ಹೇಳಿದೆ. ಈಗ ಹೊರಬೀಳುವ ನೀರು ನೂರಾರು ವರ್ಷಗಳ ಹಿಂದೆ ಆಕಾಶದಿಂದ ಬಿದ್ದದ್ದು ಎಂಬುದನ್ನು ಅಮ್ಮ ಎರಡು ಸಲ ಹೇಳಿಸಿಕೊಂಡರು. ಆ ದಿನ ನಾನು ಒಳ್ಳೆಯ ಅನುವಾದಕಿಯೆಂದು ನನ್ನ ಬಗ್ಗೆ ನನಗೇ ಮೆಚ್ಚುಗೆ ಹುಟ್ಟಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ನಡೆದದ್ದು ಅಲ್ಲಿಂದ ಕ್ಯಾಸಲ್ ಗೀಸರ್ ಕಡೆಗೆ ನಡೆಯುವಾಗ. ಒಂದೆಡೆ ಬುಗ್ಗೆಯಿಂದ ಹರಿದ ನೀರು ಗೇಣಗಲದ ತೋಡಾಗಿ, ಕಿತ್ತಳೆ ಬಣ್ಣದ ಲೋಳೆಯ ಮೇಲೆ ಆವಿಯಾಡುತ್ತಾ ಹಲಗೆಗಳ ಅಡಿಯಿಂದ ಹಾದುಹೋಗುತ್ತಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ಅಮ್ಮ ಅಂಚಿನಲ್ಲಿ ಕುಳಿತು, ಕೈಚೀಲದಿಂದ ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದು, ಮುಚ್ಚಳವನ್ನು ಸೆರಗಿನ ತುದಿಯಲ್ಲಿ ಹಿಡಿದುಕೊಂಡು ಬಗ್ಗಿದ್ದರು. ಮಗಳು ಹಿಂದಿನ ಸಂಜೆಯಷ್ಟೇ ಬಲಗೈ ಎತ್ತಿ ಪ್ರತಿಜ್ಞೆ ಮಾಡಿ ಜೂನಿಯರ್ ರೇಂಜರ್ ಆದವಳು. ಅವಳು ಓಡಿಬಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದ್ದು ಇಷ್ಟು: ಮುಟ್ಟಬಾರದು, ಇಲ್ಲಿಂದ ಏನನ್ನೂ ಒಯ್ಯಬಾರದು, ಅದು ಸ್ಟೀಲಿಂಗ್. ಹಿಂದೆ ಬರುತ್ತಿದ್ದ ಏಳೆಂಟು ಜನ ನಿಂತರು. ಅವರಲ್ಲೊಬ್ಬ, ಅರ್ಧ ಗಂಟೆಯ ಹಿಂದೆ ಫೋಟೋಕ್ಕಾಗಿ ಹಲಗೆ ಬಿಟ್ಟು ನೆಲಕ್ಕಿಳಿದು ಬೈಸಿಕೊಂಡಿದ್ದವನೇ, ಈಗ ಮಗುವನ್ನು ನೋಡಿ ಮೆಚ್ಚುಗೆಯಿಂದ ಹೆಬ್ಬೆರಳು ಎತ್ತಿದ. ಅವನ ಮುಖ ನನಗೆ ಇನ್ನೂ ನೆನಪಿದೆ, ಇರಬೇಕಾದ ಅಗತ್ಯವೇನೂ ಇಲ್ಲದಿದ್ದರೂ.

ಅಮ್ಮ ನನ್ನ ಕಡೆ ತಿರುಗಿ, "ಎಂತ ಹೇಳ್ತಾಳೆ ಅವಳು?" ಎಂದರು.

"ಕಳ್ಳತನ ಅಂತೆ," ಎಂದೆ.

ತೆಗೆಯಬಾರದಂತೆ ಎನ್ನಬಹುದಿತ್ತು. ನೀರು ಸುಡುತ್ತದಂತೆ ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಬೆಳಗಿನಿಂದ ಪ್ರತಿ ವಾಕ್ಯವನ್ನೂ ಅಮ್ಮನಿಗೆ ಒಗ್ಗುವಂತೆ ತಿದ್ದಿ ಹೇಳುತ್ತಿದ್ದವಳಿಗೆ ಅದೊಂದು ಪದವನ್ನು ತಿದ್ದಬೇಕೆಂದು ಏಕೆ ತೋಚಲಿಲ್ಲವೋ ತಿಳಿಯದು. ನಿಂತು ನೋಡುತ್ತಿದ್ದವರ ಎದುರು ನಾನು ಮಗಳ ಪಕ್ಷ, ಅಮ್ಮನ ಪಕ್ಷವಲ್ಲ ಎಂದು ತೋರಿಸಿಕೊಳ್ಳುವ ಆತುರ ನನ್ನಲ್ಲಿ ಇದ್ದಿರಬಹುದು ಎಂಬ ಅನುಮಾನ ಈ ಐದು ದಿನಗಳಲ್ಲಿ ಬಲವಾಗುತ್ತಾ ಬಂದಿದೆ. ಅಮ್ಮ ಏನೂ ಹೇಳಲಿಲ್ಲ. ಸೆರಗಿನಿಂದ ಮುಚ್ಚಳ ತೆಗೆದು, ಖಾಲಿ ಬಾಟಲಿಗೇ ಬಿಗಿಯಾಗಿ ಮೂರು ಸುತ್ತು ತಿರುಗಿಸಿ, ಮೊಣಕಾಲಿಗೆ ಕೈಯೂರಿ ಎದ್ದರು. "ಅಕ್ಕನಿಗೆ ಅಂತ," ಎಂದದ್ದು ನನಗೆ ಕೇಳಿಸಿತು.

ನಿಯಮ ಸರಿಯಾದದ್ದೇ, ಮಗಳು ಹೇಳಿದ್ದೂ ಸರಿಯೇ. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಆ ಬಯಲಿನಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಗಟ್ಟಿಯಾಗಿ ಕಾಣುವ ನೆಲ ಎಷ್ಟೋ ಕಡೆ ಬರಿಯ ತೆಳು ಹೊದಿಕೆ. ಇದುವರೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಬೆಂದು ಸತ್ತಿದ್ದಾರೆ. ಓಲ್ಡ್ ಫೇಯ್ತ್‌ಫುಲ್‌ನಿಂದ ಸುಮಾರು ಎರಡೂವರೆ ಕಿಲೋಮೀಟರ್ ನಡೆದರೆ ಸಿಗುವ ಮಾರ್ನಿಂಗ್ ಗ್ಲೋರಿ ಎಂಬ ಕೊಳ ಹೆಸರಿಗೆ ತಕ್ಕಂತೆ ಒಂದು ಕಾಲದಲ್ಲಿ ಪೂರ್ತಿ ನೀಲಿಯಾಗಿತ್ತು. ಜನ ನಾಣ್ಯ ಎಸೆದು, ಕಸ ಹಾಕಿ ಅದರ ಬುಡದ ಕಂಡಿಗಳು ಕಟ್ಟಿಕೊಂಡು, ನೀರು ತಣಿದು, ಅಂಚಿನಿಂದ ಹಳದಿ ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ಒಳಕ್ಕೆ ಹಬ್ಬಿವೆ. 1950ರಲ್ಲಿ ಅದನ್ನು ಬಲವಂತವಾಗಿ ಉಕ್ಕಿಸಿದಾಗ 86 ಡಾಲರಿಗೂ ಮಿಕ್ಕಿದ ಒಂದೊಂದು ಸೆಂಟಿನ ನಾಣ್ಯಗಳೂ 76 ಕರವಸ್ತ್ರಗಳೂ ಹೊರಬಂದವು. ಲಕ್ಷಾಂತರ ಮಂದಿ ಒಂದೊಂದು ಬಾಟಲಿ ತುಂಬಿಕೊಂಡರೆ ಏನಾಗಬಹುದು ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ಪದ ಮಾತ್ರ ಜೊತೆಯಲ್ಲಿಯೇ ಬಂತು. ಆ ರಾತ್ರಿ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿದಿತ್ತು. ನಿದ್ದೆ ಬಾರದ ಅಮ್ಮನಿಗೆ ಪ್ರಾಯಶ್ಚಿತ್ತವೆಂಬಂತೆ ನಾನು ಒಂದು ಕಥೆ ಹೇಳಿದೆ. ನಾವು ಬೆಳಿಗ್ಗೆ ಹಾದುಬಂದ ದಾರಿಯ ಸಮೀಪವೇ ಮಶ್ರೂಮ್ ಪೂಲ್ ಎಂಬ ಕೊಳವಿದೆ. ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ತಮ್ಮ ವಿದ್ಯಾರ್ಥಿಯೊಡನೆ 1966ರಲ್ಲಿ ಅದರಿಂದ ಮಾದರಿ ಒಯ್ದು, ಸುಡುನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಒಂದನ್ನು ಬೆಳೆಸಿದರು. ಬಿಸಿಗೆ ಕೆಡದ ಅದರ ಕಿಣ್ವದಿಂದಲೇ ಮುಂದೆ ಪಿಸಿಆರ್ ಪರೀಕ್ಷೆ ಎಲ್ಲೆಡೆ ಸುಲಭವಾಯಿತು. ಆ ತಂತ್ರ ಕಂಡುಹಿಡಿದ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು, ತಂತ್ರದ ಹಕ್ಕುಗಳು 30 ಕೋಟಿ ಡಾಲರಿಗೆ ಮಾರಾಟವಾದವು, ಉದ್ಯಾನಕ್ಕೆ ಅದರಿಂದ ಬಿಡಿಗಾಸೂ ಬರಲಿಲ್ಲ. ಕೊರೊನಾ ಕಾಲದಲ್ಲಿ ಪುತ್ತೂರಿನಲ್ಲಿ ನಿಮ್ಮ ಮೂಗಿಗೆ ಕಡ್ಡಿ ಹಾಕಿದ್ದರಲ್ಲ, ಆ ಪರೀಕ್ಷೆಯ ಬೇರು ಇಲ್ಲಿನ ನೀರಿನಲ್ಲಿದೆ ಎಂದೆ.

ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ಅವರಿಗೆ ತೆಗೆಯಬಹುದಾ?" ಎಂದು ಕೇಳಿದರು.

ಸಂಶೋಧನೆಗೆ ಅವಕಾಶ ಕೊಡುತ್ತಾರೆ ಎಂದೆ. "ಹೂಂ," ಎಂದು ಮಗ್ಗುಲಾದರು.

ಮರುದಿನ ಓಲ್ಡ್ ಫೇಯ್ತ್‌ಫುಲ್‌ ಪಕ್ಕದಲ್ಲಿಯೇ ಇರುವ ಬುಡಕಟ್ಟು ಪರಂಪರೆಯ ಕೇಂದ್ರಕ್ಕೆ ಹೋದೆವು. ಅದು ತೆರೆದದ್ದು 2022ರಲ್ಲಿ, ಅಂದರೆ ಉದ್ಯಾನವನ್ನು ಘೋಷಿಸಿದ 1872ರಿಂದ ಲೆಕ್ಕ ಹಾಕಿದರೆ ಸರಿಯಾಗಿ 150 ವರ್ಷಗಳ ಮೇಲೆ. ಈ ನೆಲದೊಡನೆ ನಂಟಿರುವ ಬುಡಕಟ್ಟುಗಳು 27. ಶೋಶೋನಿಗಳ ಒಂದು ಕವಲಾದ ಟುಕುಡಿಕಾ ಜನ ಇಲ್ಲಿಯೇ ವರ್ಷವಿಡೀ ಬಾಳುತ್ತಿದ್ದವರು. ಉದ್ಯಾನವಾದ ಮೇಲೆ ಅವರನ್ನು ದೂರದ ಮೀಸಲು ಪ್ರದೇಶಗಳಿಗೆ ಸಾಗಿಸಲಾಯಿತು. ಪ್ರವಾಸಿಗರಿಗೆ ಭಯವಾಗದಿರಲೆಂದು, ಬುಗ್ಗೆಗಳಿಗೆ ಹೆದರಿ ಮೂಲನಿವಾಸಿಗಳು ಇತ್ತ ಸುಳಿಯುವುದೇ ಇಲ್ಲ ಎಂಬ ಕಟ್ಟುಕಥೆಯನ್ನು ಆಗಿನ ಮೇಲ್ವಿಚಾರಕ ಫೈಲೇಟಸ್ ನಾರಿಸ್ ಹಬ್ಬಿಸಿದರು. 1886ರಿಂದ 1918ರವರೆಗೆ ಇಡೀ ಉದ್ಯಾನ ಸೈನ್ಯದ ಕೈಯಲ್ಲಿತ್ತು. ಇದನ್ನೆಲ್ಲ ಮಗಳೇ ಓದಿ, ಅಜ್ಜಿಗೆ ತನ್ನ ಮುರುಕು ಕನ್ನಡದಲ್ಲಿ ಹೇಳಲು ಹೊರಟಳು. "ಅವರ ಮನೆ ಇತ್ತು ಅಜ್ಜಿ, ಆಮೇಲೆ ಅವರನ್ನು ಕಳಿಸಿದರು," ಎಂದಳು. ಇಲ್ಲಿ ಸ್ಟೀಲಿಂಗ್ ಎಂಬ ಪದ ಅವಳ ಬಾಯಿಗೆ ಬರಲಿಲ್ಲ, ಫಲಕದಲ್ಲಿಯೂ ಅದು ಇರಲಿಲ್ಲ. ನಾನೂ ತಿದ್ದಲಿಲ್ಲ, ಹತ್ತು ವರ್ಷದ ಹುಡುಗಿಯ ಎದುರು ವಾದಕ್ಕಿಳಿದು ಅಮ್ಮನ ಮುಂದೆ ಗೆಲ್ಲುವ ಹುನ್ನಾರ ನನಗೇ ಅಸಹ್ಯವೆನಿಸಿತು.

ಹೊರಡುವ ದಿನ ಬೆಳಿಗ್ಗೆ ನಾವು ಡೇರೆ ಬಿಚ್ಚುತ್ತಿರುವಾಗ ಅಮ್ಮ ಶಿಬಿರತಾಣದ ನಳ್ಳಿಯ ಹತ್ತಿರ ಹೋಗಿ ಅದೇ ಬಾಟಲಿಯನ್ನು ತುಂಬಿಕೊಂಡು ಬಂದರು. ಏಕೆಂದು ಕೇಳಿದರೆ, "ಇದೂ ಮೇಲಿಂದ ಬಿದ್ದ ನೀರೇ ಅಲ್ವಾ," ಎಂದರು.

ಮೊನ್ನೆ ರಾತ್ರಿ ಅವರು ಅಕ್ಟೋಬರಿನ ಪ್ರಯಾಣಕ್ಕೆ ಈಗಲೇ ಸೂಟ್‌ಕೇಸ್ ಜೋಡಿಸುತ್ತಿದ್ದರು. ಸೀರೆಗಳ ನಡುವೆ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ ಆ ಬಾಟಲಿ ಮಗಳ ಕಣ್ಣಿಗೆ ಬಿತ್ತು. ಎಲ್ಲಿಯದು ಎಂದು ಅವಳು ಕೇಳಿದಳು. "ನಳ್ಳಿಯದ್ದು," ಎಂದರು ಅಮ್ಮ, ಪೊಲೀಸರಿಗೆ ಉತ್ತರಿಸುವವರಂತೆ ಎದ್ದು ನಿಂತು. ನಾನು ಬಾಗಿಲಿನಲ್ಲಿದ್ದೆ. ಮಗಳು ಚೀಲಗಳನ್ನು ಬಿಡಿಸಿ, ಮುಚ್ಚಳ ತೆಗೆದು, ಉಪ್ಪಿನಕಾಯಿಯ ಭರಣಿಯನ್ನು ಮೂಸಿದ್ದಂತೆಯೇ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಮುಚ್ಚಳ ತಿರುಗಿಸಿ, ಸೋರದಂತೆ ಮೂರನೆಯ ಚೀಲವೊಂದನ್ನು ಹುಡುಕಿ ತರಲು ಅಡುಗೆಮನೆಗೆ ಹೋದಳು.