ತೊಟ್ಟಿಮನೆಯ ಕತ್ತಲೆ ಮತ್ತು ಶ್ಯಾಡೋ ಸ್ಲೈಡರ್

"ನೋಡಿದ ತಕ್ಷಣ ವಾವ್ ಅನ್ನಬೇಕು." ಫೋಟೋ ಶೂಟಿಗೆ ನಮ್ಮ ಮ್ಯಾನೇಜರ್ ಕೊಡುವ ಬ್ರೀಫ್ ಇಷ್ಟೇ. ಹೋಟೆಲ್ ಆಗಲಿ, ಫ್ಲಾಟ್ ಆಗಲಿ, ಮಲೆನಾಡಿನ ಹಳೆಯ ತೊಟ್ಟಿಮನೆ ಆಗಲಿ, ಬ್ರೀಫ್ ಮಾತ್ರ ಬದಲಾಗುವುದಿಲ್ಲ.

ತೀರ್ಥಹಳ್ಳಿ ಕಡೆಯ ಆ ಮನೆಯನ್ನು ಹೋಂಸ್ಟೇ ಮಾಡಿದ್ದರು. ತೊಟ್ಟಿಮನೆ ಶೂಟ್ ಮಾಡಿದವರಿಗೆ ಆ ಪಾಡು ಗೊತ್ತು. ಅಂಗಳಕ್ಕೆ ಮೇಲಿಂದ ನೇರ ಬೆಳಕು, ಸುತ್ತಲ ಜಗಲಿಯಲ್ಲಿ ಕಂಬದ ಕೆತ್ತನೆಯೂ ಕಾಣದಷ್ಟು ಕತ್ತಲು. ಅಂಗಳಕ್ಕೆ ಎಕ್ಸ್‌ಪೋಸ್ ಮಾಡಿದರೆ ಜಗಲಿ ಕಪ್ಪು, ಜಗಲಿಗೆ ಮಾಡಿದರೆ ಅಂಗಳ ಬರೀ ಬಿಳಿ. ಒಳ್ಳೆಯ ಕ್ಯಾಮೆರಾ ಸೆನ್ಸರ್ ಕತ್ತಲಿಂದ ಬೆಳಕಿನ ತನಕ ಸುಮಾರು 14 ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹಿಡಿಯುತ್ತದೆ ಅನ್ನುತ್ತಾರೆ, ಅಲ್ಲಿ ಅದೂ ಸಾಲಲಿಲ್ಲ. ಟ್ರೈಪಾಡ್ ಹಾಕಿ, ಎರಡೆರಡು ಸ್ಟಾಪ್ ಅಂತರದಲ್ಲಿ ಒಂದೇ ದೃಶ್ಯದ 5 ಫ್ರೇಮ್ ತೆಗೆದು, ಅಂದರೆ ಬ್ರಾಕೆಟ್ ಮಾಡಿಕೊಂಡು ಬಂದೆ.

ಆಫೀಸಿನಲ್ಲಿ ಐದನ್ನೂ ಒಂದೇ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಫೋಟೋ ಆಗಿ ಮರ್ಜ್ ಮಾಡಿ ತೋರಿಸಿದರೆ ಮ್ಯಾನೇಜರ್ "ಡಲ್" ಅಂದರು. ಸರಿ, ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋ ಸ್ಲೈಡರ್ ಕೊನೆ ತನಕ ಎಳೆದೆ. ಹೈಲೈಟ್, ಅಂದರೆ ತೀರಾ ಬೆಳಕಿನ ಭಾಗ, ಪೂರ್ತಿ ಇಳಿಸಿದೆ. ಹೆಂಚಿನ ಅಂಚಿಗೆ ಪ್ರಭೆಯ ಹಾಗೆ ಹ್ಯಾಲೊ ಬಂತು, ಬ್ರಷ್ ಹಿಡಿದು ತೆಗೆದೆ. ಗಾಳಿಗೆ ಅಲ್ಲಾಡಿದ ತುಳಸಿ ಒಂದರ ಮೇಲೊಂದು ನೆರಳಿನ ಹಾಗೆ ಘೋಸ್ಟ್ ಆಗಿತ್ತು, ಅದೊಂದನ್ನು ಮಾತ್ರ ಬೇರೆ ಫ್ರೇಮಿನಿಂದ ಮಾಸ್ಕ್ ಮಾಡಿದೆ. ಸುಳ್ಳು ಯಾಕೆ, ಖುಷಿಯೇ ಆಗುತ್ತಿತ್ತು. ಕಂಬದ ಒಂದೊಂದು ಹೂವೂ ಎಣಿಸುವಷ್ಟು ಸ್ಪಷ್ಟ. ಮೊಬೈಲಿನಲ್ಲಂತೂ ಫೋಟೋ ಮಿಂಚುತ್ತಿತ್ತು.

ಮಳೆಗಾಲ ಶುರುವಾದ ಮೇಲೆ ಮನೆಯ ಯಜಮಾನರ ಫೋನ್ ಬಂತು. ಮ್ಯಾನೇಜರ್ ಸ್ಪೀಕರ್‌ಗೆ ಹಾಕಿದರು. "ಗೆಸ್ಟ್ ಇಲ್ಲೇ ನಿಂತಿದ್ದಾರೆ, ನೀವೇ ಮಾತಾಡಿ." ಆ ಕಡೆಯಿಂದ ಒಬ್ಬರು ತಣ್ಣಗೆ ಕೇಳಿದರು: "ಫೋಟೋದಲ್ಲಿರೋ ಮನೆ ಎಲ್ಲಿದೆ ಸರ್?" ಲೈಟ್ ಹಾಕಿ ನೋಡಿ ಅಂದೆ. ಎಲ್ಲಾ ಹಾಕಿಯೇ ಇದೆ ಅಂದರು. ವೈಡ್ ಲೆನ್ಸು, ಮೋಡ, ಸೀಸನ್ನು ಅಂತ ಏನೇನೋ ಹೇಳಿದೆ. ಮ್ಯಾನೇಜರ್ ಗೋಡೆ ನೋಡುತ್ತಾ ಕೂತಿದ್ದರು. ಅಷ್ಟರಲ್ಲಿ ಹಿಂದಿನಿಂದ ಯಜಮಾನರ ಅಮ್ಮನ ದನಿ ಕೇಳಿಸಿತು: "ನಮ್ಮ ಜಗಲಿ ಯಾವತ್ತು ಅಷ್ಟು ಬೆಳ್ಳಗಿತ್ತು ಮಾರಾಯಾ? ಸುಣ್ಣ ಬಳಿದ ಹಾಗೆ ಮಾಡಿದ್ದಾನಲ್ಲ!"

ಅಲ್ಲಿ ನಿಂತಾಗ ನನ್ನ ಕಣ್ಣು ಏನು ಮಾಡಿತ್ತು ಅನ್ನುವುದನ್ನೇ ನಾನು ಮರೆತಿದ್ದೆ. ಅಂಗಳದಿಂದ ಜಗಲಿಗೆ ತಿರುಗಿದರೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಂಬ, ಆಮೇಲೆ ಬಾಗಿಲು, ಕೊನೆಗೆ ಮೂಲೆಯ ಕಣಜ. ಆ ಮನೆ ತಂಪು ಅನ್ನಿಸುವುದೇ ಅದರಿಂದ. ನಾನು ಎಲ್ಲವನ್ನೂ ಒಂದೇ ಏಟಿಗೆ, ಒಂದೇ ಬೆಳಕಿನಲ್ಲಿ ತೋರಿಸಿದ್ದೆ. ಬೆಳಿಗ್ಗೆಯೋ ಸಂಜೆಯೋ ಅಂತಲೂ ಗೊತ್ತಾಗುತ್ತಿರಲಿಲ್ಲ.

ಎಚ್‌ಡಿಆರ್ ಲೇಟೆಸ್ಟ್ ಟ್ರೆಂಡ್ ಅಂತ ಮ್ಯಾನೇಜರ್ ಕ್ಲೈಂಟ್‌ಗಳಿಗೆ ಹೇಳುವುದು ಕೇಳಿದರೆ ನಗು ಬರುತ್ತದೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಪ್ರಿಂಟಿನಲ್ಲಿ ಕೂಡಿಸಿದ್ದ. ಆ ಪ್ರಿಂಟುಗಳಲ್ಲಿ ಕಪ್ಪು ಕಪ್ಪಾಗಿಯೇ ಉಳಿದಿದೆ. ಕ್ಯಾಮೆರಾ ಬೇಕಾದಷ್ಟು ಹಿಡಿಯಲಿ, ಎಷ್ಟು ತೋರಿಸಬೇಕು ಅನ್ನುವುದು ಬೇರೆ ಲೆಕ್ಕ. ಈಗ ಎಡಿಟ್‌ಗೆ ಕೂರುವ ಮೊದಲು ಜಾಗದಲ್ಲೇ ತೆಗೆದ ಒಂದು ಸಾದಾ ಫ್ರೇಮನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತೇನೆ. ಎಷ್ಟು ಕತ್ತಲಿತ್ತು ಅಂತ ನೆನಪಿರಲಿ ಅಂತ.

ಅದೇ ಬ್ರಾಕೆಟ್‌ಗಳಿಂದ ಮತ್ತೆ ಮಾಡಿದೆ. ಅಂಗಳದ ಕಲ್ಲಿನ ಒದ್ದೆ ಕಾಣುವಷ್ಟು ಹೈಲೈಟ್ ಇಳಿಸಿದೆ. ಜಗಲಿಯಲ್ಲಿ ಮುಂದಿನ ಕಂಬಗಳನ್ನಷ್ಟೇ ಎತ್ತಿ, ಮೂಲೆಗಳನ್ನು ಹಾಗೇ ಬಿಟ್ಟೆ. ಯಜಮಾನರು ಅದನ್ನೇ ಹಾಕಿಕೊಂಡರು. ಗೆಸ್ಟ್‌ಗೆ ವಾಪಸ್ ಕೊಟ್ಟ ಒಂದು ದಿನದ ಬಾಡಿಗೆಯನ್ನು ನಮ್ಮ ಬಿಲ್ಲಿನಲ್ಲಿ ಮುರಿದುಕೊಂಡರು, ಅದು ಬೇರೆ ವಿಷಯ.

ಹಳೆಯ ಫೋಟೋ ನಮ್ಮ ಪೋರ್ಟ್‌ಫೋಲಿಯೋದ ಮೊದಲ ಪುಟದಲ್ಲೇ ಇದೆ. ತೆಗೆಯೋಣ ಅಂತ ಎಷ್ಟು ಹೇಳಿದರೂ ಮ್ಯಾನೇಜರ್ ಒಪ್ಪುವುದಿಲ್ಲ. ಅದಕ್ಕೇ ಲೈಕ್ ಜಾಸ್ತಿಯಂತೆ.