ಕೊಂಬಿನಿ ಒನಿಗಿರಿ ನೆನಪಾಗೇದ

ಇವತ್ತ ವಿಜಯಪುರದಾಗ ಗಿರಮಿಟ್ ತಿನ್ಕೋತ ಕುಂತಾಗ ಟೋಕಿಯೋ ಕೊಂಬಿನಿ ಭಾಳ ನೆನಪಾತು ನೋಡ್ರಿ, ರಾತ್ರಿ ಎಷ್ಟ ಹೊತ್ತಾದ್ರೂ ತೆರದ ಇರೂ ಸಣ್ಣ ಅಂಗಡಿ, ಅಲ್ಲಿ ಒನಿಗಿರಿ ಅಂದ್ರ ನನಗ ಜೀವ. ಅನ್ನದ ಮುದ್ದಿಗೆ ನೋರಿ, ಅಂದ್ರ ಒಣಗಿಸಿದ ಕಡಲಪಾಚಿ ಹಾಳಿ ಸುತ್ತೂದು, ಆದ್ರ ಆ ಹಾಳಿ ಮೆತ್ತಗಾಗಬಾರ್ದಂತ ನಡುವ ಪ್ಲಾಸ್ಟಿಕ್ ಹಾಕಿರ್ತಾರ, ಕವರ್ ಮ್ಯಾಲೆ 1, 2, 3 ಅಂತ ಬರದಿರ್ತದ, ಹಂಗ ಎಳಕೋತ ಹೋದ್ರ ತಿನ್ನೂ ಹೊತ್ತಿಗೆ ನೋರಿ ಗರಿಗರಿ! ಸಣ್ಣ ತಿನಿಸಿಗೂ ಇಷ್ಟ ವಿಚಾರ ಮಾಡ್ಯಾರಲ್ಲ ಅಂತ ಈಗೂ ಖುಷಿ ಆಗ್ತದ. ಒಳಗ ಉಮೆಬೊಶಿ, ಅಂದ್ರ ಉಪ್ಪಾಗ ಹಾಕಿದ ಜಪಾನಿನ ಹುಳಿ ಹಣ್ಣು ಇದ್ರಂತೂ ಉಪ್ಪು ಹುಳಿ ಎರಡೂ ಸೇರಿ ನಮ್ಮ ಉಪ್ಪಿನಕಾಯಿ ಅನ್ನ ಉಂಡಂಗ. ಲಾಸನ್ ಅನ್ನೂ ಕೊಂಬಿನಿದಾಗ 1986ರಿಂದ ಮಾರೋ ಕರಾಗೆ-ಕುನ್ ಅನ್ನೂ ಕರದ ಚಿಕನ್ನೂ ಛಲೋ ಇರ್ತದ, ಆದ್ರ ನನ್ನ ಓಟು ಒನಿಗಿರಿಗೇ. ಅವ್ವನ ಮಾವಿನ ಉಪ್ಪಿನಕಾಯಿ ಒಳಗಿಟ್ಟು ಮಾಡೂದೈತಿ, ಬೆಳಗಾವಿ ಕಡೆ ನೋರಿ ಎಲ್ಲಿ ಸಿಗ್ತದ, ಗೊತ್ತಿದ್ದವ್ರು ಹೇಳ್ರಿ.